ಬೆವರು ಆರದ ಸೆಖೆಯಲ್ಲಿ ಹೊರಗಿನ ಕೆಲಸ

ಪ್ರಶ್ನೆ: ನಮ್ಮ ಸೈಟಿನ ಹುಡುಗರು ರಾಯಚೂರು ಕಡೆಯವರು. 40 ಡಿಗ್ರಿ ಬಿಸಿಲು ಕಂಡವರು ಇಲ್ಲಿನ 34 ಡಿಗ್ರಿಗೆ ಎರಡನೇ ದಿನವೇ ತಲೆಸುತ್ತು ಎಂದು ಕೂರುತ್ತಾರೆ. ಮೈಗಳ್ಳತನವೇ?
– ಕಟ್ಟಡ ಮೇಸ್ತ್ರಿ, ಸುರತ್ಕಲ್

ಉತ್ತರ: ಖಂಡಿತ ಅಲ್ಲ. ಮೈ ತಂಪಾಗುವುದು ಬೆವರು ಸುರಿಯುವುದರಿಂದಲ್ಲ, ಆರುವುದರಿಂದ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಕಳೆಯುತ್ತದೆ. ಅದೇ ಬೆವರು ಹನಿಯಾಗಿ ನೆಲಕ್ಕೆ ಬಿದ್ದರೆ ನೀರು, ಉಪ್ಪು ಎರಡೂ ನಷ್ಟ, ತಂಪು ಮಾತ್ರ ಇಲ್ಲ. ರಾಯಚೂರಿನ ಒಣಗಾಳಿಯಲ್ಲಿ ಬೇಗ ಆರುವ ಬೆವರು ನಮ್ಮ ಕರಾವಳಿಯ ಒದ್ದೆಗಾಳಿಯಲ್ಲಿ ಆರುವುದಿಲ್ಲ.

ಹೊಸಬರಿಗೆ ಮೊದಲ ದಿನ ಬಿಸಿಲಿನ ಕೆಲಸ ಐದರಲ್ಲೊಂದು ಪಾಲು ಸಾಕು. 8 ಗಂಟೆಯ ದುಡಿಮೆಯಲ್ಲಿ ಒಂದೂವರೆ ಗಂಟೆ. ದಿನವೂ ಅಷ್ಟಷ್ಟೇ ಹೆಚ್ಚಿಸಿ, ಐದನೇ ದಿನ ಪೂರ್ತಿ ಕೊಡಿ. ಮಿಕ್ಕ ಹೊತ್ತು ನೆರಳಿನ ಕೆಲಸ. ಊರಿಗೆ ಹೋಗಿ ವಾರಕ್ಕಿಂತ ಹೆಚ್ಚು ನಿಂತು ಬಂದ ಹಳಬರಿಗೂ ಸೆಖೆಯ ಅಭ್ಯಾಸ ತಪ್ಪಿರುತ್ತದೆ. ಅವರಿಗೆ ಮೊದಲ ದಿನ ಅರ್ಧ ಕೆಲಸ. ಇದಕ್ಕೆ ಕೂಲಿ ಮುರಿಯಬೇಡಿ. ಮುರಿದರೆ ಸುಸ್ತಾದವನು ಬೀಳುವವರೆಗೂ ಬಾಯಿ ಬಿಡುವುದಿಲ್ಲ.

ಸ್ಲ್ಯಾಬ್ ಕಾಂಕ್ರೀಟನ್ನು ನಡುವೆ ನಿಲ್ಲಿಸಲಾಗದು. ಬೆಳಿಗ್ಗೆ 6ಕ್ಕೇ ಶುರುಮಾಡಿ, ಎರಡು ತಂಡ ಇಟ್ಟು ಸರದಿಯಲ್ಲಿ ಇಳಿಸಿ. ವಿಶ್ರಾಂತಿಗೆ ತಗಡಿನ ಶೆಡ್ ಬೇಡ, ಕಾದ ತಗಡು ಮೇಲಿನಿಂದ ಸುಡುತ್ತದೆ. ತೆಂಗಿನ ಮಡಲಿನ ಚಪ್ಪರ, ಅದರಡಿ ಒಂದು ಫ್ಯಾನ್ ಇರಲಿ. ಗಾಳಿಯಾಡಿದರೆ ಬೆವರು ಆರುತ್ತದೆ.

ಪ್ರಶ್ನೆ: ತೋಟದ ಕೆಲಸದವರಿಗೆ ಎಳನೀರು ಕೊಡುತ್ತೇವೆ. ಅಷ್ಟು ಸಾಕೇ?
– ಕೃಷಿಕರು, ಕಾರ್ಕಳ

ಉತ್ತರ: ಒಳ್ಳೆಯದೇ, ಆದರೆ ಸಾಲದು. ಬೆವರಿನಲ್ಲಿ ಹೆಚ್ಚಾಗಿ ಹೋಗುವುದು ಸೋಡಿಯಂ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಉಪ್ಪು ಹಾಕಿದ ಗಂಜಿ ತಿಳಿ, ನೀರು ಮಜ್ಜಿಗೆ ಈ ಕೊರತೆ ತುಂಬುತ್ತವೆ. 15–20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ 200–250 ಮಿಲಿ ನೀರು, ಬಾಯಾರಿಕೆಗೆ ಕಾಯದೆ. ಗಂಟೆಗೆ ಒಂದೂವರೆ ಲೀಟರ್ ಮೀರಬಾರದು. ಬರೀ ನೀರು ಅತಿಯಾದರೆ ರಕ್ತದ ಸೋಡಿಯಂ ಕುಸಿಯುತ್ತದೆ.

ತೀರಾ ಬಳಲಿದವರಿಗೆ ಓಆರ್‌ಎಸ್. 1 ಲೀಟರ್ ಎಂದು ಬರೆದ ಪೊಟ್ಟಣವನ್ನು ಪೂರ್ತಿ 1 ಲೀಟರಿಗೇ ಕಲಸಿ, ಒಂದು ಲೋಟಕ್ಕೆ ಸುರಿಯಬೇಡಿ. ಪೊಟ್ಟಣ ಇಲ್ಲದಿದ್ದರೆ 1 ಲೀಟರ್ ನೀರಿಗೆ ಮಟ್ಟಸವಾದ 6 ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಮೂತ್ರಪಿಂಡದ ತೊಂದರೆ ಇರುವವರು ಎಳನೀರಿಗೂ, ರಕ್ತದೊತ್ತಡದವರು ಉಪ್ಪಿಗೂ ಮೊದಲು ವೈದ್ಯರನ್ನು ಕೇಳಲಿ.

ಪ್ರಶ್ನೆ: ಕೆಲಸದ ನಡುವೆ ಒಬ್ಬರು ಅಸಂಬದ್ಧ ಮಾತಾಡುತ್ತಾ ಕುಸಿದರೆ ಏನು ಮಾಡಬೇಕು?
– ಓದುಗರು, ಮಲ್ಪೆ

ಉತ್ತರ: ಮಾತು ತಡವರಿಸಿದರೆ, ಗೊಂದಲ ಕಂಡರೆ ಬಿಸಿಲಾಘಾತ ಎಂದೇ ತಿಳಿಯಿರಿ. ಮೈ ಬೆವರಿದೆಯಲ್ಲ ಎಂದು ಸುಮ್ಮನಿರಬೇಡಿ, ದುಡಿಯುತ್ತಿರುವವರಲ್ಲಿ ಬೆವರು ಇದ್ದೂ ಆಘಾತವಾಗುತ್ತದೆ. ಒಬ್ಬರು 108ಕ್ಕೆ ಕರೆ ಮಾಡಲಿ, ಉಳಿದವರು ನೆರಳಿಗೆ ಎಳೆದು ಅಂಗಿ ಬಿಚ್ಚಿ ಮೈಮೇಲೆಲ್ಲ ತಣ್ಣೀರು ಸುರಿಯುತ್ತಾ ಗಾಳಿ ಬೀಸಲಿ. ಮಂಜುಗಡ್ಡೆ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಇಳಿಯುತ್ತದೆ. ಪ್ಯಾರಾಸಿಟಮಾಲ್ ಈ ತಾಪಕ್ಕೆ ಕೆಲಸ ಮಾಡದು. ಆಂಬುಲೆನ್ಸ್ ಬರುವವರೆಗೂ ನೀರು ಸುರಿಯುವುದನ್ನು ನಿಲ್ಲಿಸಬೇಡಿ.

ಪ್ರಶ್ನೆ: ಬಿಸಿಲಿಗೆ ಮುಟ್ಟಾಳೆ ಸಾಕೇ?
– ಓದುಗರು, ಬ್ರಹ್ಮಾವರ

ಉತ್ತರ: ಅಡಿಕೆ ಹಾಳೆಯ ಟೊಪ್ಪಿ ನೆತ್ತಿಗೆ ಒಳ್ಳೆಯದು, ಕತ್ತು ಕಿವಿಗೆ ನೆರಳಿಲ್ಲ. ಕೆಳಗೊಂದು ಒದ್ದೆ ಬೈರಾಸು (ಟವೆಲ್) ಇಳಿಬಿಡಿ. ತುಂಬುತೋಳಿನ ಸಡಿಲ ಹತ್ತಿ ಅಂಗಿ ಇರಲಿ. ಕಟ್ಟಡದ ಕೆಲಸದಲ್ಲಿ ಮಾತ್ರ ಹೆಲ್ಮೆಟ್ ಬಿಟ್ಟು ಮುಟ್ಟಾಳೆ ಬೇಡ.