ಮಾರ್ಕ್ಸ್ ಕಮ್ಮಿ ಬಂತು, ಶಾಲೆ ಬದಲಿಸಲಾ?

ಪ್ರಶ್ನೆ: ಮೇಡಂ, ನನ್ನ ಮಗಳು ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಮೂರನೇ ಕ್ಲಾಸಿನವರೆಗೆ ನಲಿಕಲಿಯಲ್ಲಿ, ಅಂದರೆ ಕಾರ್ಡು, ಚಟುವಟಿಕೆ ಅಂತ ಕಲಿಸುವ ಕ್ರಮದಲ್ಲಿ, ಖುಷಿಯಾಗಿ ಕಲಿತಳು. ಈಗ ಗಣಿತದ ಟೆಸ್ಟಲ್ಲಿ 20ಕ್ಕೆ 7 ಬಂದಿದೆ. ನಾದಿನಿಯ ಮಗ ಹೋಗುವ ಪ್ರೈವೇಟ್ ಶಾಲೆಯಲ್ಲಿ ಪ್ರತಿ ಸೋಮವಾರ ಟೆಸ್ಟ್, ಮೇಲೆ ರ‍್ಯಾಂಕ್. 'ಬರೀ ಆಟ ಆಡಿಸಿ ಮಗು ಹಿಂದೆ ಬಿತ್ತು' ಅಂತ ಮನೆಯಲ್ಲಿ ಎಲ್ಲರ ಮಾತು. ಅಲ್ಲಿಗೇ ಸೇರಿಸಲಾ?
– ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ಸದ್ಯಕ್ಕೆ ಬೇಡಮ್ಮ. ಮೊದಲು ಆ ಉತ್ತರ ಪತ್ರಿಕೆ ಕೇಳಿ ಇಸಿದುಕೊಂಡು ನೋಡಿ. 7 ಅನ್ನುವ ಅಂಕ ನಿಮಗೆ ಏನೂ ಹೇಳುವುದಿಲ್ಲ, ತಪ್ಪುಗಳು ಹೇಳುತ್ತವೆ. 52ರಲ್ಲಿ 27 ಕಳೆ ಅಂದರೆ 35 ಬರೆದಿದ್ದಾಳಾ? ಹಾಗಿದ್ದರೆ 2ರಲ್ಲಿ 7 ಹೋಗುವುದಿಲ್ಲ ಅಂತ ಉಲ್ಟಾ ಮಾಡಿ 7ರಲ್ಲಿ 2 ಕಳೆದಿದ್ದಾಳೆ, ದಶಕ ತರುವುದು ಇನ್ನೂ ಗೊತ್ತಾಗಿಲ್ಲ, ಅಷ್ಟೇ. ಇದೊಂದಕ್ಕೇ ಐದಾರು ಲೆಕ್ಕ ತಪ್ಪಾಗಬಹುದು. ಹತ್ತತ್ತು ಕಡ್ಡಿಯ ಕಟ್ಟು ಮಾಡಿ, ಒಂದು ಕಟ್ಟು ಬಿಚ್ಚಿಸಿ ಕಳೆಯುವುದಕ್ಕೆ ಕೊಡಿ. ಆದರೆ ಬರೀ ಅಂಕಿಯ ಲೆಕ್ಕ ಸರಿ ಇದ್ದು, 'ರಾಮು ಹತ್ತಿರ ಇಷ್ಟು ಪೆನ್ಸಿಲ್ ಇದ್ದವು' ಅನ್ನುವಂಥ ಲೆಕ್ಕ ಮಾತ್ರ ಖಾಲಿ ಬಿಟ್ಟಿದ್ದರೆ ತೊಂದರೆ ಇರುವುದು ಓದಿನಲ್ಲಿ, ಗಣಿತದಲ್ಲಲ್ಲ. ಇಂಥ ಇಬ್ಬರು ಮಕ್ಕಳಿಗೆ ಕಲಿಸಬೇಕಾದದ್ದು ಬೇರೆ ಬೇರೆ, ಆದರೆ ರ‍್ಯಾಂಕ್ ಪಟ್ಟಿಯಲ್ಲಿ ಇಬ್ಬರೂ ಅಕ್ಕಪಕ್ಕ ಇರ್ತಾರೆ.

ನಲಿಕಲಿ ಅಂದರೆ ಸುಮ್ನೆ ಆಟ ಅಲ್ಲ. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳ ಕ್ರಮ ನೋಡಿ, 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾದದ್ದು. ಪಾಠವನ್ನು ಚಿಕ್ಕ ಚಿಕ್ಕ ಮೆಟ್ಟಿಲು ಮಾಡಿ, ಮೆಟ್ಟಿಲಿಗೊಂದು ಕಾರ್ಡು ಇಟ್ಟು, ಮಗು ತನ್ನ ವೇಗದಲ್ಲಿ ಹತ್ತಬೇಕು, ನಾಲ್ಕು ದಿನ ಜ್ವರ ಬಂದು ಮಲಗಿದ್ದರೂ ಬಿಟ್ಟ ಕಾರ್ಡಿನಿಂದಲೇ ಮತ್ತೆ ಹಿಡಿಯಬೇಕು ಅನ್ನುವುದು ಅದರ ಲೆಕ್ಕ. ಅದರಲ್ಲೂ ಪರೀಕ್ಷೆ ಇದೆ, ಮೆಟ್ಟಿಲುಗಳ ಮಧ್ಯೆಯೇ ಮೌಲ್ಯಮಾಪನದ ಕಾರ್ಡು ಬರುತ್ತದೆ. ಹೆದರಿಸುವುದಿಲ್ಲ ಅಂತ ಅದು ನಮ್ಮ ಕಣ್ಣಿಗೆ ಪರೀಕ್ಷೆ ಅನ್ನಿಸುವುದಿಲ್ಲ, ಅಲ್ವಾ?

ಹಾಗಂತ ನಿಮ್ಮ ಮನೆಯವರ ಮಾತು ಪೂರ್ತಿ ತಪ್ಪು ಅನ್ನಲಾರೆ. ಒಬ್ಬರೇ ಟೀಚರ್ ಮೂರು ಕ್ಲಾಸಿನ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು, ಬಿಸಿಯೂಟ, ದಾಖಲೆ, ಮೀಟಿಂಗ್ ಅಂತ ಓಡಾಡುತ್ತಾ ಇದ್ದರೆ ಯಾವ ಮಗು ಯಾವ ಮೆಟ್ಟಿಲಲ್ಲಿ ನಿಂತಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಮೇಲಾಗಿ ನಾಲ್ಕನೇ ಕ್ಲಾಸಿಗೆ ಬಂದ ಕೂಡಲೇ ಕಾರ್ಡೂ ಇಲ್ಲ, ಗುಂಪೂ ಇಲ್ಲ, ಎಲ್ಲರಿಗೂ ಒಂದೇ ಪುಸ್ತಕ, ಒಂದೇ ದಿನ ಒಂದೇ ಪಾಠ. ನಿಮ್ಮ ಮಗಳು ಎಡವಿರುವುದು ಬಹುಶಃ ಇಲ್ಲೇ. ಪ್ರತಿ ಸೋಮವಾರ ಟೆಸ್ಟ್ ಕೊಟ್ಟರೆ ಎಡವಿದ್ದು ಪ್ರತಿ ವಾರ ಗೊತ್ತಾಗುತ್ತೆ, ಎತ್ತಿ ನಿಲ್ಲಿಸೋರು ಯಾರು?

ಟೀಚರ್ ಹತ್ತಿರ 'ಎಷ್ಟು ಬಂತು' ಅಂತ ಕೇಳಬೇಡಿ, 'ಎಲ್ಲಿ ನಿಂತಿದ್ದಾಳೆ' ಅಂತ ಕೇಳಿ. ಉತ್ತರ ಪತ್ರಿಕೆಯನ್ನೂ ತೋರಿಸದೆ 'ಇನ್ನೂ ಓದಿಸಿ' ಅಂತ ಸಾಗಹಾಕಿದರೆ ಶಾಲೆ ಬದಲಿಸುವ ಯೋಚನೆ ಮಾಡಿ. ನಾದಿನಿ ಹೇಳಿದ ಶಾಲೆಗೂ ಹೋಗಿ ಇದನ್ನೇ ಕೇಳಿ: ಟೆಸ್ಟಲ್ಲಿ ತಪ್ಪು ಮಾಡಿದ ಮಗುವಿಗೆ ಮಂಗಳವಾರ ಏನು ಮಾಡ್ತೀರಿ?

ಪ್ರಶ್ನೆ: ಐದನೇ ಕ್ಲಾಸಿಗೂ ಪಬ್ಲಿಕ್ ಪರೀಕ್ಷೆ ಅಂತೆ, ಫೇಲ್ ಮಾಡ್ತಾರಾ?
– ಒಬ್ಬ ಓದುಗರು, ತುಮಕೂರು

ಉತ್ತರ: ಈ ಗೊಂದಲ ನಿಮ್ಮೊಬ್ಬರದಲ್ಲ. 2023ರ ಮಾರ್ಚ್‌ನಲ್ಲಿ 5 ಮತ್ತು 8ಕ್ಕೆ ಬೋರ್ಡ್ ಮಟ್ಟದ ಪರೀಕ್ಷೆ ನಡೆಯಿತು. ಮರುವರ್ಷ 9ನೇ ತರಗತಿಯನ್ನೂ ಸೇರಿಸಿದರು, ಕೇಸು ಹೈಕೋರ್ಟಿಂದ ಸುಪ್ರೀಂ ಕೋರ್ಟಿಗೆ ಹೋಯಿತು, 2024ರ ಏಪ್ರಿಲ್ 8ರಂದು ಫಲಿತಾಂಶಕ್ಕೇ ತಡೆ ಬಿತ್ತು. ಮಕ್ಕಳು ಬರೆದದ್ದು ಮಾತ್ರ ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗು ಯಾವ ಬೋರ್ಡ್ ಪರೀಕ್ಷೆಯನ್ನೂ ಪಾಸು ಮಾಡಬೇಕಿಲ್ಲ. ಆದರೆ 2019ರ ತಿದ್ದುಪಡಿಯಲ್ಲಿ 5 ಮತ್ತು 8ರಲ್ಲಿ ಅದೇ ಕ್ಲಾಸಲ್ಲಿ ಉಳಿಸಿಕೊಳ್ಳುವ ಅಧಿಕಾರ ರಾಜ್ಯಗಳಿಗೆ ಸಿಕ್ಕಿದೆ, ಅದಕ್ಕೂ ಮೊದಲು ಎರಡು ತಿಂಗಳೊಳಗೆ ಮತ್ತೊಂದು ಪರೀಕ್ಷೆ ಕೊಡಲೇಬೇಕು. ಈ ವರ್ಷದ ಸುತ್ತೋಲೆ ಹೆಡ್‌ಮೇಷ್ಟ್ರ ಹತ್ತಿರ ಇರುತ್ತದೆ, ಕೇಳಿ. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು ನಂಬಿ ಮಗುವನ್ನು ಟ್ಯೂಷನ್ನಿಗೆ ಓಡಿಸಬೇಡಿ.