ಬೆಟ್ಟದ ಮೇಲೆ ಸರಿಯಾಗಿದ್ದ ಬಣ್ಣ ಮನೆಯಲ್ಲಿ ನೀಲಿಯಾಗುವುದೇಕೆ?

ಪ್ರಶ್ನೆ: ಮುಳ್ಳಯ್ಯನಗಿರಿಯಲ್ಲಿ ಸೂರ್ಯೋದಯದ ಚಿತ್ರಗಳನ್ನು ತೆಗೆಯುವಾಗ ಕ್ಯಾಮೆರಾವನ್ನು ಯುಎಸ್‌ಬಿ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ, ಪರದೆಯನ್ನು ನೋಡುತ್ತ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣ ಹೊಂದಿಸುವುದು) ಸರಿಪಡಿಸುತ್ತೇನೆ. ಅಲ್ಲಿ ಚೆನ್ನಾಗಿ ಕಂಡ ಚಿತ್ರಗಳು ಮನೆಯಲ್ಲಿ ನೀಲಿಯಾಗಿ ಕಾಣುತ್ತವೆ. ಆಟೋದಲ್ಲಿ ಬಿಟ್ಟರೆ ಒಂದೊಂದು ಫ್ರೇಮಿಗೆ ಒಂದೊಂದು ಬಣ್ಣ. ಬಣ್ಣ ಅಳೆಯಲು ಬಳಸುವ ಬೂದು ಹಲಗೆಯನ್ನು, ಅಂದರೆ ಗ್ರೇ ಕಾರ್ಡನ್ನು, ಬಳಸಿದರೆ ಬೆಳಗಿನ ಹೊಂಬಣ್ಣವೇ ಹೋಗಿಬಿಡುತ್ತದೆ. ಎಷ್ಟು ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಇಡಬೇಕು?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಮೊದಲು ಲ್ಯಾಪ್‌ಟಾಪಿನ ಪರದೆಯನ್ನು ಪರೀಕ್ಷಿಸಿರಿ. ವಿಂಡೋಸ್‌ನ ನೈಟ್ ಲೈಟ್ ಸೌಲಭ್ಯವನ್ನು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಎಂದು ಹೊಂದಿಸಿಟ್ಟಿದ್ದರೆ, ನೀವು ಬೆಟ್ಟದ ಮೇಲೆ ಕೆಲಸ ಮಾಡುವ ಆ ನಸುಕಿನ ಹೊತ್ತಿನಲ್ಲಿ ಪರದೆ ಹಳದಿಗೆ ತಿರುಗಿರುತ್ತದೆ. ಆ ಹಳದಿ ಚಿತ್ರದಲ್ಲಿಯೇ ಇದೆಯೆಂದು ಭಾವಿಸಿ ನೀವು ಕೆಲ್ವಿನ್ ಸಂಖ್ಯೆಯನ್ನು ಇಳಿಸುತ್ತೀರಿ, ಇಳಿಸಿದಷ್ಟೂ ಚಿತ್ರ ನೀಲಿಯಾಗುತ್ತದೆ. ಮ್ಯಾಕ್‌ನಲ್ಲಿ ನೈಟ್ ಶಿಫ್ಟ್ ಮತ್ತು ಟ್ರೂ ಟೋನ್ ಕೂಡ ಇಂಥದೇ ಕೆಲಸ ಮಾಡುತ್ತವೆ. ಇವೆಲ್ಲವನ್ನೂ ಆರಿಸಿಡಿ. ಆರಿಸಿದ ಮೇಲೂ ಕಣ್ಣನ್ನು ಪೂರ್ತಿಯಾಗಿ ನಂಬುವಂತಿಲ್ಲ: ಸುತ್ತಲಿನ ನೀಲಿ ಬೆಳಕಿಗೆ ಕಣ್ಣು ಹೊಂದಿಕೊಂಡಿರುವುದರಿಂದ, 6500 ಕೆಲ್ವಿನ್‌ಗೆ ಸರಿಯಾಗಿ ಕ್ಯಾಲಿಬ್ರೇಟ್ ಮಾಡಿದ (ಅಳೆದು ಹೊಂದಿಸಿದ) ಪರದೆಯೂ ಆ ಹೊತ್ತಿನಲ್ಲಿ ತುಸು ಹಳದಿಯಾಗಿಯೇ ತೋರುತ್ತದೆ. ಆದ್ದರಿಂದ ಬಣ್ಣದ ಅಂತಿಮ ತೀರ್ಮಾನವನ್ನು ಬೆಟ್ಟದ ಮೇಲೆ ಮಾಡಲೇಬಾರದೆಂಬುದು ನನ್ನ ಅಭಿಪ್ರಾಯ. ಅಲ್ಲಿ ಪರದೆಯಿಂದ ಆಗಬೇಕಾದದ್ದು ಫೋಕಸ್ ಮತ್ತು ಚೌಕಟ್ಟಿನ ಪರೀಕ್ಷೆ ಮಾತ್ರ.

ಗ್ರೇ ಕಾರ್ಡ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ತನ್ನ ಮೇಲೆ ಬಿದ್ದ ಬೆಳಕಿನ ಬಣ್ಣವನ್ನು ಅಳಿಸುವುದೇ ಅದರ ಉದ್ದೇಶ. ಸೀರೆಯ ನಿಜಬಣ್ಣ ತೋರಿಸಬೇಕಾದ ಅಂಗಡಿಯವರಿಗೆ ಅದು ಬೇಕು, ಆದರೆ ಸೂರ್ಯೋದಯದಲ್ಲಿ ಆ ಬೆಳಕಿನ ಬಣ್ಣವನ್ನೇ ನೀವು ಸೆರೆಹಿಡಿಯಲು ಹೋಗಿರುತ್ತೀರಿ. ಅಲ್ಲದೆ ನಿಮ್ಮ ಕಾಲ ಬಳಿ ನೆರಳಿನಲ್ಲಿರುವ ಕಾರ್ಡ್‌ಗೆ ಆಕಾಶದ ನೀಲಿ ಬೆಳಕು ಮಾತ್ರ ತಾಗುತ್ತದೆ, ಎದುರಿನ ಶಿಖರಕ್ಕೆ ತಾಗುವ ಬಿಸಿಲು ಅದಕ್ಕೆ ಸಿಗುವುದೇ ಇಲ್ಲ. ಆಟೋ ವೈಟ್ ಬ್ಯಾಲೆನ್ಸ್ ಪ್ರತಿ ಫ್ರೇಮಿಗೂ ಹೊಸದಾಗಿ ಊಹಿಸುವುದರಿಂದ, ಒಂದು ಮೋಡ ಸರಿದರೂ ಬಣ್ಣ ಬದಲಾಗುತ್ತದೆ. ಹಲವು ಫ್ರೇಮುಗಳನ್ನು ಸೇರಿಸಿ ಪನೋರಮಾ ಜೋಡಿಸುವವರಿಗಂತೂ ಇದು ದೊಡ್ಡ ತಲೆನೋವು.

ಇನ್ನು ಸಂಖ್ಯೆಯ ವಿಷಯ. ಕ್ಯಾಮೆರಾದಲ್ಲಿ 5200ರಿಂದ 5500 ಕೆಲ್ವಿನ್ ನಡುವಿನ ಒಂದು ಮೌಲ್ಯವನ್ನು ಇಟ್ಟು, ಆ ಬೆಳಗಿನ ಎಲ್ಲ ಫ್ರೇಮುಗಳಿಗೂ ಅದನ್ನೇ ಉಳಿಸಿಕೊಳ್ಳಿ. ಇದು ನಡುಹಗಲಿನ ಬಿಸಿಲಿನ ಅಳತೆಯಾದ್ದರಿಂದ ಸೂರ್ಯ ಮೂಡುವ ಮುನ್ನ ಚಿತ್ರ ನೀಲಿಯಾಗಿ, ಮೂಡಿದ ಮೇಲೆ ಹೊಂಬಣ್ಣವಾಗಿ ಬರುತ್ತದೆ. ಆ ಬದಲಾವಣೆ ದೃಶ್ಯದಲ್ಲಿ ನಿಜವಾಗಿ ಇದ್ದದ್ದೇ. ಐವತ್ತು ನೂರು ಕೆಲ್ವಿನ್ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಡಿ, ಸಂಖ್ಯೆ ದೊಡ್ಡದಾದಷ್ಟೂ ಅಷ್ಟೇ ವ್ಯತ್ಯಾಸ ಕಣ್ಣಿಗೆ ಕಾಣುವುದು ಕಡಿಮೆ. 3000ದಿಂದ 3500ಕ್ಕೆ ಹೋದಾಗ ಕಾಣುವ ಬದಲಾವಣೆ 6000ದಿಂದ 6500ಕ್ಕೆ ಹೋದಾಗ ಕಾಣುವುದಕ್ಕಿಂತ ಮೂರು ಪಟ್ಟಿಗೂ ಹೆಚ್ಚು.

ರಾ ಫೈಲ್‌ನಲ್ಲಿ, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಚಿತ್ರದಲ್ಲಿ, ವೈಟ್ ಬ್ಯಾಲೆನ್ಸ್ ಕೇವಲ ಒಂದು ಟಿಪ್ಪಣಿಯಂತೆ ಉಳಿಯುವುದರಿಂದ, ನಿಮ್ಮ ನೀಲಿ ಚಿತ್ರಗಳು ರಾ ಆಗಿದ್ದರೆ ಯಾವ ನಷ್ಟವೂ ಆಗಿಲ್ಲ. ಕ್ಯಾಮೆರಾವೇ ಸಂಸ್ಕರಿಸಿ ಕೊಡುವ ಜೆಪೆಗ್ ಆಗಿದ್ದರೆ ತಿದ್ದಲು ಅವಕಾಶ ಕಡಿಮೆ. ಕೇಬಲ್ ಜೋಡಿಸಿ ತೆಗೆಯುವಾಗ ಇನ್ನೊಂದನ್ನು ಗಮನಿಸಬೇಕು. ಕ್ಯಾಪ್ಚರ್ ಒನ್‌ನಂಥ ತಂತ್ರಾಂಶಗಳಲ್ಲಿ ಹಿಂದಿನ ಚಿತ್ರದ ಹೊಂದಾಣಿಕೆಗಳನ್ನು ಮುಂದಿನ ಚಿತ್ರಕ್ಕೆ ತಾನಾಗಿ ನಕಲಿಸುವ ಆಯ್ಕೆಯಿದೆ. ಅದು ಚಾಲೂ ಇದ್ದರೆ ನೀವು ಒಮ್ಮೆ ಇಳಿಸಿದ ಕೆಲ್ವಿನ್ ಮುಂದಿನ ಎಲ್ಲ ಚಿತ್ರಗಳಿಗೂ ಅಂಟಿಕೊಳ್ಳುತ್ತದೆ.

ಚಿತ್ರದ ಕತ್ತಲೆ-ಬೆಳಕಿನ ಹಂಚಿಕೆಯನ್ನು ತೋರಿಸುವ ನಕ್ಷೆಯಾದ ಹಿಸ್ಟೊಗ್ರಾಮ್ ವಿಷಯದಲ್ಲಿಯೂ ಎಚ್ಚರ ಬೇಕು. ಕ್ಯಾಮೆರಾ ತೋರಿಸುವ ಹಿಸ್ಟೊಗ್ರಾಮ್ ಸಾಮಾನ್ಯವಾಗಿ ವೈಟ್ ಬ್ಯಾಲೆನ್ಸ್ ಸೇರಿದ ಜೆಪೆಗ್‌ನದು. ಕೆಲ್ವಿನ್ ಏರಿಸಿದರೆ ಕೆಂಪು ಬಣ್ಣದ ಗೆರೆ ನಕ್ಷೆಯ ಬಲಗೋಡೆಗೆ ತಾಗಿ, ವಿವರ ಕಳೆದುಹೋದಂತೆ ಕಾಣುತ್ತದೆ, ರಾ ಫೈಲ್‌ನಲ್ಲಿ ಮಾತ್ರ ಇನ್ನೂ ವಿವರ ಉಳಿದಿರಬಹುದು. ಅದನ್ನು ನೋಡಿ ಎಕ್ಸ್‌ಪೋಶರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) ಇಳಿಸುವ ಮೊದಲು ತಂತ್ರಾಂಶದಲ್ಲಿ ರಾ ಫೈಲನ್ನೇ ತೆರೆದು, ಸೂರ್ಯನ ಸುತ್ತಲಿನ ಭಾಗವನ್ನು ಹಿಗ್ಗಿಸಿ ನೋಡಿರಿ.