ಪಾರ್ಟ್ರಿಜ್ ಫ್ಯಾಮಿಲಿ ಹಾಡು: ಧಾಟಿ ಅದೇ, ಸಾಹಿತ್ಯ ಮಾತ್ರ ಬೇರೆ ಯಾಕೆ?

ತಂದೆ ಗುನುಗುತ್ತಿದ್ದ 'ಪಾರ್ಟ್ರಿಜ್ ಫ್ಯಾಮಿಲಿ' ಹಾಡನ್ನು ಹುಡುಕಿದರೆ ಧಾಟಿ ಅದೇ ಇದ್ದರೂ ಸಾಹಿತ್ಯ ಬೇರೆ ಸಿಗುತ್ತಿದೆ, ಯಾಕೆ ಅಂತ ಕೇಳಿದ್ದೀರಿ. ಅದು ಹಾಡುವ ಕುಟುಂಬವೊಂದರ ಕಥೆಯ ಅಮೆರಿಕನ್ ಟಿವಿ ಧಾರಾವಾಹಿ. ನಿಮ್ಮ ತಂದೆ ಗುನುಗುತ್ತಿದ್ದದ್ದು ಬಹುಶಃ ಅದರ ಮೊದಲ ಸೀಸನ್‌ನ ಶೀರ್ಷಿಕೆ ಗೀತೆ. ನಿಮಗೆ ಸಿಗುತ್ತಿರುವುದು ಎರಡನೇ ಸೀಸನ್‌ನದ್ದು. ಧಾಟಿ ಒಂದೇ, ಸಾಹಿತ್ಯ ಬದಲಾಯಿತು.

ಮೊದಲು ಅವರು ಹಾಡುತ್ತಿದ್ದ ಸಾಲುಗಳಲ್ಲಿ ಏನಿತ್ತು ಅಂತ ನೆನಪಿಸಿಕೊಳ್ಳಿ. ದುಡಿಯುವ ಅಮ್ಮ, ಐದು ಮಕ್ಕಳ ಕಥೆ ಇದ್ದರೆ ಅದು 1970ರ 'ವೆನ್ ವಿ ಆರ್ ಸಿಂಗಿಂಗ್'. ಜಗತ್ತಿಗೆ ಹಲೋ ಹೇಳಿ ಖುಷಿಯಾಗಿರಿ ಅಂತ ಕರೆದರೆ ಅದು 'ಕಮಾನ್ ಗೆಟ್ ಹ್ಯಾಪಿ'. ಎರಡನೆಯದೇ ಜಾಸ್ತಿ ಹೆಸರಾಗಿರುವುದರಿಂದ ಹುಡುಕಿದಾಗ ಅದೇ ಮೊದಲು ಬರುತ್ತದೆ.

ಆಮೇಲೆ ಹಾಡಿನ ಹೆಸರಿನ ಜೊತೆ 'ಸೀಸನ್ 1' ಅಂತ ಸೇರಿಸಿ ಹುಡುಕಿ. ಸಿಕ್ಕಿದ್ದರಲ್ಲಿ ದನಿ ಹಿರಿ ಮಗನ ಪಾತ್ರ ಮಾಡಿದ್ದ ಡೇವಿಡ್ ಕ್ಯಾಸಿಡಿಯದ್ದೇನಾ ಅಂತ ಕೇಳಿ ನೋಡಿ, ಬೇರೆಯವರು ಹಾಡಿರುವುದೂ ಬೇಕಾದಷ್ಟಿದೆ. ತೆರೆಯ ಮೇಲೆ ಇಡೀ ಕುಟುಂಬ ಹಾಡಿದರೂ, ರೆಕಾರ್ಡಿನಲ್ಲಿ ನಟರ ಪೈಕಿ ಹಾಡಿದ್ದು ಕ್ಯಾಸಿಡಿ ಮತ್ತು ಅಮ್ಮನ ಪಾತ್ರದ ಶರ್ಲಿ ಜೋನ್ಸ್ ಮಾತ್ರ. ಉಳಿದ ದನಿಗಳು ಸ್ಟುಡಿಯೋ ಗಾಯಕರದ್ದು. ಅದರಿಂದ ಹಾಡಿನ ಸಂತೋಷ ಒಂದಿಷ್ಟೂ ಕಮ್ಮಿಯಾಗಲ್ಲ, ನನಗೆ ಈಗಲೂ ಅಷ್ಟೇ ಇಷ್ಟ.

ಇವೆರಡೂ ಅಲ್ಲ ಅನ್ನಿಸಿದರೆ ಇದೇ ಧಾರಾವಾಹಿಯ ಇನ್ನೊಂದು ಹಾಡು 'ಐ ಥಿಂಕ್ ಐ ಲವ್ ಯೂ' ಕೇಳಿ. ಅದರಲ್ಲಿ ಹಾರ್ಪ್ಸಿಕಾರ್ಡ್ ಅನ್ನೋ ಹಳೇ ಕೀಬೋರ್ಡ್ ವಾದ್ಯದ ಟಣಟಣ ಸದ್ದಿದೆ, ಕೇಳಿದ ತಕ್ಷಣ ಗೊತ್ತಾಗುತ್ತದೆ. 1970ರ ಕೊನೆಯಲ್ಲಿ ಅಮೆರಿಕದಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿತ್ತು. ಹಾಗಾಗಿ ತಂದೆಯವರು ಇದನ್ನೂ ಕೇಳಿರುವ ಸಾಧ್ಯತೆ ಇದೆ. ಮೂರನ್ನೂ ಅವರಿಗೇ ಕೇಳಿಸಿಬಿಡಿ.